ರಕ್ತದ ತವರು

ಮೂಳೆಯೆಂದರೆ ಗಟ್ಟಿಯಾದ, ಜಡವಾದ ವಸ್ತುವೆಂದು ಜನರು ಸಾಮಾನ್ಯವಾಗಿ ಭಾವಿಸುತ್ತಾರೆ. ದೇಹವೆಂಬ ಮನೆಗೆ ಅದು ಕಂಬ ತೊಲೆಗಳಿದ್ದಂತೆ. ಭಾರ ಹೊರುವುದಷ್ಟೇ ಅದರ ಕೆಲಸವೆಂಬುದು ಅವರ ಎಣಿಕೆ. ಆದರೆ ಈ ಕಂಬಗಳ ಒಳಗೆ ಹಗಲಿರುಳೂ ಬಿಡುವಿಲ್ಲದೆ ಒಂದು ಸೃಷ್ಟಿಕಾರ್ಯ ನಡೆಯುತ್ತಿರುತ್ತದೆ. ಅದು ನಡೆಯುವ ಸ್ಥಳವೇ ಅಸ್ಥಿಮಜ್ಜೆ. ಆಯುರ್ವೇದದ ಪ್ರಾಚೀನ ಆಚಾರ್ಯರು ದೇಹವನ್ನು ಧರಿಸಿರುವ ಸಪ್ತಧಾತುಗಳಲ್ಲಿ ಮಜ್ಜೆಯನ್ನೂ ಒಂದೆಂದು ಎಣಿಸಿದ್ದರು. ರಕ್ತಕಣಗಳು ಹುಟ್ಟುವುದು ಈ ಮಜ್ಜೆಯಲ್ಲಿಯೇ ಎಂಬ ಸಂಗತಿಯನ್ನು 1868ರಲ್ಲಿ ಕೋನಿಗ್ಸ್‌ಬರ್ಗ್ ನಗರದ ವಿಜ್ಞಾನಿ ಅರ್ನ್ಸ್ಟ್ ನಾಯ್ಮನ್ ಅವರು ತೋರಿಸಿಕೊಟ್ಟರು.

ರಕ್ತದಲ್ಲಿ ಮುಖ್ಯವಾಗಿ ಮೂರು ಬಗೆಯ ಕಣಗಳುಂಟು. ಕೆಂಪು ಕಣಗಳು ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ಮುಟ್ಟಿಸುತ್ತವೆ. ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಗಾಯವಾದಾಗ ರಕ್ತ ಸೋರಿಹೋಗದಂತೆ ತಡೆಯುತ್ತವೆ. ಈ ಕಣಗಳಲ್ಲಿ ಬಹುಪಾಲು ಅಲ್ಪಾಯುಗಳು. ಕೆಂಪು ಕಣವು ಸುಮಾರು 120 ದಿನ ಬಾಳಿದರೆ, ಪ್ಲೇಟ್‌ಲೆಟ್ ಹತ್ತು ದಿನ ಉಳಿಯುವುದೇ ಹೆಚ್ಚು. ಆದ್ದರಿಂದ ಸತ್ತವುಗಳ ಸ್ಥಾನವನ್ನು ಹೊಸವು ತುಂಬುತ್ತಲೇ ಇರಬೇಕು. ವಯಸ್ಕ ಮನುಷ್ಯನ ಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳು ಹುಟ್ಟುತ್ತವೆ. ಸೋಜಿಗದ ಸಂಗತಿಯೆಂದರೆ, ಇಷ್ಟು ಬಗೆಯ ಕಣಗಳಿಗೂ ಮೂಲ ಒಂದೇ. ಆಕರಕೋಶಗಳೆಂಬ ತಾಯಿಕೋಶಗಳು ಮಜ್ಜೆಯಲ್ಲಿ ನೆಲೆಸಿದ್ದು, ತಮ್ಮ ಸಂಖ್ಯೆಯನ್ನು ಕಾಪಾಡಿಕೊಳ್ಳುತ್ತಲೇ ಎಲ್ಲ ಬಗೆಯ ರಕ್ತಕಣಗಳಿಗೂ ಜನ್ಮ ನೀಡುತ್ತವೆ.

ಈ ವ್ಯವಸ್ಥೆಯನ್ನು ಊರ ಕೆರೆಗೆ ಹೋಲಿಸಬಹುದು. ಕೆರೆ ಒಂದೇ, ಅದರಿಂದ ಹೊರಡುವ ಕಾಲುವೆಗಳು ಹಲವು. ಒಂದು ಕಾಲುವೆ ಕಟ್ಟಿಕೊಂಡರೆ ಅದರ ಬಯಲಿನ ಪೈರು ಮಾತ್ರ ಒಣಗುತ್ತದೆ. ಕೆರೆಯೇ ಬತ್ತಿದರೆ ಎಲ್ಲ ಬಯಲುಗಳೂ ಬೀಳುಬೀಳುತ್ತವೆ. ಲಿಂಫೋಸೈಟ್ ಎಂಬ ಬಿಳಿಯ ಕಣಗಳ ಕಾಲುವೆ ಹುಟ್ಟಿನಿಂದಲೇ ಕಟ್ಟಿಕೊಂಡಿದ್ದರೆ ಆ ಮಗುವಿಗೆ ರೋಗನಿರೋಧಕ ಶಕ್ತಿ ಇರುವುದಿಲ್ಲ. ಇತರ ಮಕ್ಕಳು ಒಂದು ವಾರದಲ್ಲಿ ಗೆದ್ದುಬಿಡುವ ಸೋಂಕು ಅಂಥ ಮಗುವಿನ ಪ್ರಾಣವನ್ನೇ ತೆಗೆಯಬಲ್ಲದು. ಆಕರಕೋಶಗಳೇ ನಶಿಸಿದರೆ ಮೂರು ಬಗೆಯ ಕಣಗಳೂ ಇಳಿಮುಖವಾಗುತ್ತವೆ. ರೋಗಿಯು ಬಿಳಿಚಿಕೊಳ್ಳುತ್ತಾನೆ, ಮೇಲಿಂದ ಮೇಲೆ ಜ್ವರಕ್ಕೆ ತುತ್ತಾಗುತ್ತಾನೆ, ಸಣ್ಣ ಪೆಟ್ಟಿಗೂ ರಕ್ತ ಸೋರುತ್ತದೆ. ಇದನ್ನು ಮಜ್ಜೆಯ ವೈಫಲ್ಯವೆನ್ನುತ್ತಾರೆ.

ಈ ಎರಡು ವಿಪತ್ತುಗಳೂ ಒಂದೇ ಶಿಶುವಿಗೆ ಒಂದರ ಬೆನ್ನಿಗೆ ಒಂದಾಗಿ ಒದಗಿದ ಪ್ರಸಂಗವೊಂದು 1968ರಲ್ಲಿ ಅಮೆರಿಕದಲ್ಲಿ ನಡೆಯಿತು. ಮಜ್ಜೆಯ ಗುಟ್ಟನ್ನು ನಾಯ್ಮನ್ ಬಯಲು ಮಾಡಿ ಆಗ ಸರಿಯಾಗಿ ನೂರು ವರ್ಷಗಳಾಗಿದ್ದವು. ಒಂದು ಕುಟುಂಬದಲ್ಲಿ ತಾಯಿಯ ಕಡೆಯ ಗಂಡುಮಕ್ಕಳು ತಲೆತಲಾಂತರದಿಂದ ಶೈಶವದಲ್ಲಿಯೇ ಸೋಂಕಿಗೆ ಬಲಿಯಾಗುತ್ತಿದ್ದರು. ಹೆಣ್ಣುಮಕ್ಕಳು ಮಾತ್ರ ಆರೋಗ್ಯದಿಂದ ಬೆಳೆಯುತ್ತಿದ್ದರು. ಇದಕ್ಕೆ ಕಾರಣ ದೈವದ ಮುನಿಸಲ್ಲ, ಎಕ್ಸ್ ವರ್ಣತಂತುವಿನ ಮೇಲಿದ್ದ ಒಂದು ವಂಶವಾಹಿಯ ದೋಷ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ಗಂಡಿಗೆ ಇರುವುದು ಒಂದೇ. ಅದು ಕೆಟ್ಟರೆ ಬದಲಿಯಿಲ್ಲ.

ಆ ಕುಟುಂಬದಲ್ಲಿ ಹುಟ್ಟಿದ ಮತ್ತೊಂದು ಗಂಡುಮಗುವಿಗೂ ಅದೇ ರೋಗವಿರುವುದು ತಿಳಿಯಿತು. ಮಗುವನ್ನು ಮಿನಿಯಾಪೊಲಿಸ್ ನಗರದಲ್ಲಿದ್ದ ವೈದ್ಯ ರಾಬರ್ಟ್ ಗುಡ್ ಅವರ ಬಳಿಗೆ ಕರೆತಂದರು. ಆರೋಗ್ಯವಂತರ ಮಜ್ಜೆಯನ್ನು ಕೊಟ್ಟರೆ ಅದರಿಂದ ಲಿಂಫೋಸೈಟ್‌ಗಳು ಹುಟ್ಟಬಹುದೆಂಬುದು ಗುಡ್ ಅವರ ತರ್ಕ. ಆದರೆ ಯಾರ ಮಜ್ಜೆಯಾದರೂ ಸಲ್ಲುವುದಿಲ್ಲ. ಜೀವಕೋಶಗಳ ಮೈಮೇಲೆ ತಮ್ಮವರು ಯಾರು, ಪರರು ಯಾರು ಎಂಬುದನ್ನು ಸೂಚಿಸುವ ಗುರುತುಗಳಿರುತ್ತವೆ. ಈ ಗುರುತುಗಳು ದಾನಿಗೂ ರೋಗಿಗೂ ಹೊಂದಬೇಕು. ಒಡಹುಟ್ಟಿದವರಲ್ಲಿಯೂ ಅವು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಆ ಶಿಶುವಿನ ಅಕ್ಕಂದಿರಲ್ಲಿ ಒಬ್ಬ ಎಳೆಯ ಹುಡುಗಿಯ ಗುರುತುಗಳು ಬಹುಮಟ್ಟಿಗೆ ಹೊಂದಿದವು.

ಅಕ್ಕನ ಮಜ್ಜೆಯ ಕಣಗಳನ್ನು ತಮ್ಮನಿಗೆ ಕೊಟ್ಟರು. ಅವು ನೆಲೆಯೂರಿದವು, ಮಗುವಿಗೆ ರೋಗನಿರೋಧಕ ಶಕ್ತಿ ಬಂದಿತು. ಆದರೆ ವೈದ್ಯರ ಸಂತೋಷ ಬಹುಕಾಲ ಉಳಿಯಲಿಲ್ಲ. ಅಕ್ಕನ ರಕ್ತ ‘ಓ’ ಗುಂಪಿನದು, ತಮ್ಮನ ರಕ್ತ ‘ಎ’ ಗುಂಪಿನದು. ಹೊಸದಾಗಿ ಬಂದ ಕಾವಲುಗಾರರು ಮನೆಯವರನ್ನೇ ಪರರೆಂದು ಬಗೆದು ಮೇಲೆ ಬಿದ್ದರು. ಮಗುವಿನ ಸ್ವಂತ ಮಜ್ಜೆ ಬತ್ತಿತು; ರಕ್ತಕಣಗಳು ಕುಸಿದವು. ರೋಗನಿರೋಧಕ ಶಕ್ತಿಯಿಲ್ಲವೆಂಬ ಒಂದು ಆಪತ್ತಿನಿಂದ ಪಾರಾದ ಮಗು ಮಜ್ಜೆಯ ವೈಫಲ್ಯವೆಂಬ ಇನ್ನೊಂದಕ್ಕೆ ಸಿಲುಕಿತು.

ಆಗ ವೈದ್ಯರು ಧೈರ್ಯಗೆಡದೆ ಅದೇ ಅಕ್ಕನಿಂದ ಎರಡನೆಯ ಬಾರಿ ಮಜ್ಜೆಯನ್ನು ಪಡೆದರು. ಅದನ್ನು ಪರಕೀಯವೆಂದು ಎದುರಿಸುವವರು ಈಗ ಯಾರೂ ಇರಲಿಲ್ಲ; ಕಾವಲಿಗಿದ್ದವರೆಲ್ಲ ಅವಳ ಕಣಗಳೇ. ಹೊಸ ಮಜ್ಜೆ ಚಿಗುರಿತು. ಕೆಂಪು ಕಣ, ಬಿಳಿಯ ಕಣ, ಪ್ಲೇಟ್‌ಲೆಟ್‌ಗಳೆಲ್ಲ ಮತ್ತೆ ಹುಟ್ಟತೊಡಗಿದವು. ಮಗುವಿನ ರಕ್ತದ ಗುಂಪು ‘ಎ’ಯಿಂದ ‘ಓ’ಗೆ ಬದಲಾಯಿತು! ತನ್ನ ವಂಶದ ಅನೇಕ ಗಂಡುಮಕ್ಕಳು ಕಾಣದ ಪ್ರಾಯವನ್ನು ಆ ಹುಡುಗ ಕಂಡನು. ಒಂದೇ ಮೂಲದಿಂದ ಹುಟ್ಟುವವುಗಳಿಗೆ ಬರುವ ಎರಡು ಬೇರೆ ಬೇರೆ ವ್ಯಾಧಿಗಳಿಗೆ ಔಷಧವೂ ಒಂದೇ ಆಗಬಲ್ಲುದೆಂಬುದು ಇದರಿಂದ ಸಿದ್ಧವಾಯಿತು.

ಆದರೆ ಹೊಂದುವ ಒಡಹುಟ್ಟಿದವರು ಎಲ್ಲರಿಗೂ ದೊರೆಯುವುದಿಲ್ಲ. 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಜನಿಸಿದ ಡೇವಿಡ್ ವೆಟ್ಟರ್ ಎಂಬ ಬಾಲಕನಿಗೂ ಇಂಥದೇ ರೋಗವಿತ್ತು. ಅವನ ಅಣ್ಣನೊಬ್ಬನು ಅದರಿಂದಲೇ ತೀರಿಕೊಂಡಿದ್ದನು. ಅಕ್ಕನಿದ್ದರೂ ಅವಳ ಮಜ್ಜೆ ಹೊಂದಲಿಲ್ಲ. ಡೇವಿಡ್‌ನನ್ನು ಹುಟ್ಟಿದ ಕೂಡಲೇ ರೋಗಾಣುಗಳಿಲ್ಲದ ಪ್ಲಾಸ್ಟಿಕ್ ಕೋಣೆಯೊಳಗೆ ಇರಿಸಿದರು. ಅವನ ಆಹಾರ, ಪುಸ್ತಕ, ಆಟಿಕೆಗಳನ್ನೆಲ್ಲ ಶುದ್ಧಗೊಳಿಸಿಯೇ ಒಳಗೆ ಕಳುಹಿಸಬೇಕಾಗಿತ್ತು. ಕೈಗವಸಿನ ಅಡ್ಡವಿಲ್ಲದೆ ತಾಯಿ ಅವನನ್ನು ಮುಟ್ಟುವಂತಿರಲಿಲ್ಲ. 1983ರಲ್ಲಿ ಹೊಸ ವಿಧಾನದಿಂದ ಸಂಸ್ಕರಿಸಿದ ಅಕ್ಕನ ಮಜ್ಜೆಯನ್ನು ಅವನಿಗೆ ಕೊಟ್ಟರು. ಆದರೆ ಅದರಲ್ಲಿ ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸು ಅಡಗಿತ್ತು. ಅಕ್ಕನಿಗೆ ಯಾವ ತೊಂದರೆಯನ್ನೂ ಕೊಡದ ಆ ವೈರಸ್ಸು ತಮ್ಮನಲ್ಲಿ ಗಡ್ಡೆಗಳನ್ನು ಉಂಟುಮಾಡಿತು. 1984ರ ಫೆಬ್ರವರಿಯಲ್ಲಿ ಚಿಕಿತ್ಸೆಗಾಗಿ ಅವನನ್ನು ಹೊರಗೆ ತಂದಾಗ ತಾಯಿ ಮೊದಲ ಸಲ ಬರಿಗೈಯಿಂದ ಮಗನನ್ನು ಮುಟ್ಟಿದಳು. ಅದೇ ತಿಂಗಳ 22ರಂದು, ಹನ್ನೆರಡನೆಯ ವಯಸ್ಸಿನಲ್ಲಿ, ಡೇವಿಡ್ ತೀರಿಕೊಂಡನು. ಈ ರೋಗಕ್ಕೆ ಕಾರಣವಾದ ವಂಶವಾಹಿಯನ್ನು ವಿಜ್ಞಾನಿಗಳು 1993ರಲ್ಲಿ ಗುರುತಿಸಿದರು.

ಕೆಲವು ವಂಶವಾಹಿಗಳ ದೋಷವು ಒಂದು ಕಾಲುವೆಯಲ್ಲಿ ನಿಲ್ಲದೆ ಕೆರೆಯನ್ನೇ ಬತ್ತಿಸುತ್ತದೆ. 1927ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಗ್ವಿಡೊ ಫಾಂಕೋನಿ ಅವರು ಮೂವರು ಸಹೋದರರಲ್ಲಿ ಕಂಡ ರಕ್ತಹೀನತೆಯು ಅಂಥದು. ಅದು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 2011ರಲ್ಲಿ ತಿಳಿದುಬಂದ ಗಾಟಾ-2 ವಂಶವಾಹಿಯ ದೋಷವು ಇನ್ನೊಂದು ನಿದರ್ಶನ. ಅದುಳ್ಳ ಹಲವರಲ್ಲಿ ಮೊದಲು ರೋಗನಿರೋಧಕ ಶಕ್ತಿ ಕುಗ್ಗಿ ಸೋಂಕುಗಳು ಕಾಡುತ್ತವೆ. ಕ್ರಮೇಣ ಮಜ್ಜೆಯೇ ಸೋಲುತ್ತದೆ. ಫಾಂಕೋನಿ ರಕ್ತಹೀನತೆಯಂಥ ರೋಗಗಳು ಬಹುಮಟ್ಟಿಗೆ ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಒಂದೇ ದೋಷ ಇಬ್ಬರಲ್ಲಿಯೂ ಅಡಗಿರುವ ಸಂಭವ ಹೆಚ್ಚು. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ವರಿಸುವ ರೂಢಿಯಿರುವ ಕರ್ನಾಟಕದಂಥ ಪ್ರದೇಶಗಳಲ್ಲಿ ಈ ಮಾತನ್ನು ಅರಿತಿರುವುದು ಅವಶ್ಯಕ.

ಫಾಂಕೋನಿ ರಕ್ತಹೀನತೆಯಿಂದ ನರಳುತ್ತಿದ್ದ ಅಮೆರಿಕದ ಐದು ವರ್ಷದ ಬಾಲಕನೊಬ್ಬನ ತಾಯಿ ಮತ್ತೊಂದು ಹೆಣ್ಣುಮಗುವನ್ನು ಹೆತ್ತಳು. ಹೆರಿಗೆಯಾದೊಡನೆ ಬಿಸುಡುವ ಹೊಕ್ಕುಳಬಳ್ಳಿಯ ರಕ್ತದಲ್ಲಿ ಆಕರಕೋಶಗಳು ಇರುವುದನ್ನು ವಿಜ್ಞಾನಿಗಳು ಅರಿತಿದ್ದರು. ಆ ರಕ್ತವನ್ನು ಹೆಪ್ಪುಗಟ್ಟಿಸಿ ಪ್ಯಾರಿಸ್ಸಿಗೆ ಸಾಗಿಸಿದರು. 1988ರ ಅಕ್ಟೋಬರಿನಲ್ಲಿ ಅಲ್ಲಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ವೈದ್ಯೆ ಎಲಿಯಾನ್ ಗ್ಲುಕ್‌ಮನ್ ಅವರು ಅದನ್ನು ಬಾಲಕನಿಗೆ ನೀಡಿದರು. ತಾನು ಕೊಟ್ಟೆನೆಂಬ ಅರಿವೇ ಇಲ್ಲದ ತಂಗಿಯಿಂದ ಅಣ್ಣನು ಬದುಕಿದನು.

ಭಾರತದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೂ, 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿಯೂ ಮಜ್ಜೆಯ ಕಸಿ ಆರಂಭವಾಯಿತು. ಇಂದು ಒಡಹುಟ್ಟಿದವರಲ್ಲದ ದಾನಿಗಳ ಹೆಸರುಗಳನ್ನೂ ಪಟ್ಟಿಮಾಡಿ ಇಡುತ್ತಾರೆ. ಹದಿನೆಂಟು ವರ್ಷ ತುಂಬಿದ ಆರೋಗ್ಯವಂತರು ಅದರಲ್ಲಿ ಸೇರಬಹುದು. ದಾನಿಯು ಕಳೆದುಕೊಳ್ಳುವುದು ಬಹಳ ಸ್ವಲ್ಪ. ಕೊಟ್ಟ ಮಜ್ಜೆಯು ಕೆಲವೇ ವಾರಗಳಲ್ಲಿ ಅವನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಪಡೆದವನಿಗಾದರೋ ಅದು ಜೀವಮಾನವಿಡೀ ರಕ್ತವನ್ನು ಹುಟ್ಟಿಸುತ್ತಿರುತ್ತದೆ.