ಕಂದು ಡಬ್ಬಿಗೆ ಬಿಳಿ ಅಕ್ಷರ

ಪ್ರಶ್ನೆ: ದೋಣಿಮಲೈ ಗಣಿಯ ಲೋಡಿಂಗ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ಇಲ್ಲೇ ಟೌನ್‌ಶಿಪ್‌ನಲ್ಲಿ ಮಗನ ಜೊತೆಗಿದ್ದೇನೆ. ಮೊಮ್ಮಗನಿಗೆಂದು ಶುರುಮಾಡಿದ ಆಟಿಕೆ ರೈಲಿನ ಹುಚ್ಚು ಈಗ ನನಗೇ ಹತ್ತಿದೆ. ಎಚ್‌ಒ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲಿನಂತೆ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿ ಆರು ಅದಿರಿನ ಡಬ್ಬಿ ಮಾಡಿದ್ದೇನೆ. ಬಣ್ಣವೂ ಆಯಿತು. ಅಕ್ಷರ ಮಾತ್ರ ಆಗಿಲ್ಲ. ಹೊರದೇಶದಿಂದ ತರಿಸುವ ಅಕ್ಷರದ ಹಾಳೆಗೆ ಸಾಗಣೆ, ಸುಂಕ ಸೇರಿದರೆ ಆರು ಡಬ್ಬಿಗೆ ಖರ್ಚಾದದ್ದಕ್ಕಿಂತ ಹೆಚ್ಚಾಗುತ್ತದೆ. ತರಿಸಿದರೂ ಅದರಲ್ಲಿರುವುದು ಅಮೆರಿಕದ ರೈಲು ಕಂಪನಿಗಳ ಹೆಸರು. ಮನೆಯಾಕೆ ‘ವಯಸ್ಸಾದ ಮ್ಯಾಲೆ ಪೆನ್ಷನ್ ರೊಕ್ಕಾ ಆಟಿಕಿ ಬಂಡಿಗೆ ಹಾಕ್ತೀರೇನ್ರಿ?’ ಅನ್ನುತ್ತಾಳೆ. ಅಕ್ಷರವಿಲ್ಲದ ಡಬ್ಬಿ ನೋಡಿದರೆ ನನಗೆ ನಿದ್ದೆ ಬರುವುದಿಲ್ಲ. ಕಡಿಮೆ ಖರ್ಚಿನ ದಾರಿ ಏನಾದರೂ ಇದೆಯೇ?

ಉತ್ತರ: ಇದೆ ಯಜಮಾನರೇ, ಹೊಸಪೇಟೆಗೆ ಒಂದು ಸಲ ಹೋಗಿ ಬಂದರೆ ಮುಗಿಯುವಷ್ಟು ಹತ್ತಿರದಲ್ಲೇ ಇದೆ. ಅದಕ್ಕೂ ಮೊದಲು, ನಿಮ್ಮ ಕಷ್ಟ ನಿಜವಾಗಿ ಎಲ್ಲಿದೆ ಅನ್ನುವುದನ್ನು ಬಿಡಿಸಿಕೊಳ್ಳೋಣ. ಅಕ್ಷರ ದುಬಾರಿಯಲ್ಲ, ಬಿಳಿ ಬಣ್ಣ ದುಬಾರಿ. ಮನೆಯ ಪ್ರಿಂಟರಿನಲ್ಲಾಗಲಿ ಜೆರಾಕ್ಸ್ ಅಂಗಡಿಯ ಪ್ರಿಂಟರಿನಲ್ಲಾಗಲಿ ಬಿಳಿ ಶಾಯಿ ಇರುವುದಿಲ್ಲ. ಕಾಗದದ ಬಿಳುಪನ್ನೇ ಅದು ಬಿಳಿ ಎಂದು ಬಿಟ್ಟುಬಿಡುತ್ತದೆ. ನಿಮ್ಮ ಡಬ್ಬಿಯೋ ಕಂದು. ನೀರಿನಲ್ಲಿ ಜಾರಿಸಿ ಅಂಟಿಸುವ ಪಾರದರ್ಶಕ ಡೆಕಾಲ್ ಹಾಳೆಯ ಮೇಲೆ ಯಾವ ಬಣ್ಣದಲ್ಲಿ ಪ್ರಿಂಟ್ ತೆಗೆದರೂ ಕಂದಿನ ಮೇಲೆ ಅದು ಮುಳುಗಿಹೋಗುತ್ತದೆ. ಬಿಳಿ ಡೆಕಾಲ್ ಹಾಳೆ ತಂದು, ಅಕ್ಷರದ ಸುತ್ತ ಕಂದು ಪ್ರಿಂಟ್ ಮಾಡಿ ಅಂಟಿಸುವವರಿದ್ದಾರೆ. ಪ್ರಿಂಟರಿನ ಕಂದೂ ಡಬ್ಬಿಯ ಕಂದೂ ಹೊಂದುವುದೇ ಇಲ್ಲ. ಹಳೇ ಅಂಗಿಗೆ ಹೊಸ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಬಿಳಿ ಶಾಯಿಯಲ್ಲಿ ಅಚ್ಚು ಹಾಕುವವರು ನಿಮ್ಮೂರ ಸುತ್ತ ಯಾರಿದ್ದಾರೆ? ಲಗ್ನಪತ್ರಿಕೆಯವರು. ಕೆಂಪು ಕಾರ್ಡಿನ ಮೇಲೆ ಬಿಳಿ, ಬಂಗಾರದ ಬಣ್ಣದ ಅಕ್ಷರ ಹೇಗೆ ಬರುತ್ತದೆ ಅಂದುಕೊಂಡಿರಿ? ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಸಣ್ಣ ಜಾಲರಿ ಬಟ್ಟೆ, ಅದರ ಮೇಲೆ ರಬ್ಬರ್ ಪಟ್ಟಿಯಿಂದ ಎಳೆದ ಶಾಯಿ, ಅಷ್ಟೇ. ಅವರಿಗೆ ಆ ಪಾರದರ್ಶಕ ಡೆಕಾಲ್ ಹಾಳೆ ಕೊಟ್ಟು ‘ಇದರ ಮೇಲೆ ಬಿಳಿಯಲ್ಲಿ ಹಾಕಿಕೊಡಿ’ ಅನ್ನಿ. ಹಾಳೆಯನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು, ಭಾರತದಲ್ಲೇ ಮಾರುತ್ತಾರೆ. ಸ್ಕ್ರೀನಿನಲ್ಲಿ ದುಡ್ಡು ಹೋಗುವುದು ಸ್ಕ್ರೀನ್ ಮಾಡಿಸುವುದಕ್ಕೆ, ಅಚ್ಚು ಹಾಕುವುದಕ್ಕಲ್ಲ. ಆದ್ದರಿಂದ ಎ4 ಹಾಳೆಯ ಒಂದು ಮೂಲೆಯೂ ಖಾಲಿ ಇರದಂತೆ ತುಂಬಿಸಿ. ಆರು ಡಬ್ಬಿಯ ಎರಡೂ ಮಗ್ಗುಲಿನ ಬರಹ ಒತ್ತಾಗಿ ಜೋಡಿಸಿದರೆ ಅಂಗೈಯಗಲದಲ್ಲಿ ಮುಗಿದುಹೋಗುತ್ತದೆ. ಉಳಿದ ಜಾಗಕ್ಕೆ ಬಿಡಿ ಅಂಕಿಗಳನ್ನೂ ಅದೇ ಬರಹವನ್ನೂ ಮತ್ತೆ ಮತ್ತೆ ಹಾಕಿ. ಮುಂದೆ ಡಬ್ಬಿ ಹನ್ನೆರಡಾದರೂ ಇನ್ನೊಂದು ಸಲ ಪ್ರೆಸ್ಸಿನ ಮೆಟ್ಟಿಲು ಹತ್ತಬೇಕಿಲ್ಲ. ಒಂದೇ ಎಚ್ಚರ: ಮದುವೆ ಸೀಜನ್‌ನಲ್ಲಿ ಹೋಗಬೇಡಿ. ಆಷಾಢದಲ್ಲಿ ಹೋದರೆ ಕೂರಿಸಿ ಚಹಾ ಕೊಟ್ಟು ಮಾತಾಡುತ್ತಾರೆ.

ರೇಡಿಯಂ ಅಂಗಡಿಗೆ ಹೋಗಿ ಸ್ಟಿಕರ್ ಕತ್ತರಿಸಿಕೊಳ್ಳಿ ಎಂದು ಯಾರಾದರೂ ಹೇಳಿಯಾರು. ನಾನೂ ಹಿಂದೊಮ್ಮೆ ಹೋಗಿ ನಗೆಪಾಟಲಾಗಿದ್ದೆ. ಬೈಕಿನ ಮೇಲೆ ಅಂಟಿಸುವ ದೊಡ್ಡ ಅಕ್ಷರಕ್ಕೆ ಅವರ ಯಂತ್ರ ಸೊಗಸು. ನಿಮ್ಮ ಲೆಕ್ಕ ಬೇರೆ. ನಿಜದ ಡಬ್ಬಿಯ ಮೇಲಿನ ಗೇಣೆತ್ತರದ ಅಕ್ಷರ ನಿಮ್ಮ ಅಳತೆಯಲ್ಲಿ ಎರಡೂವರೆ ಮಿಲಿಮೀಟರ್, ಒಂದು ಎಳ್ಳಿನಷ್ಟು. ಅಷ್ಟು ಸಣ್ಣದನ್ನು ಆ ಬ್ಲೇಡು ಕತ್ತರಿಸುವುದಿಲ್ಲ, ಕಿತ್ತುಹಾಕುತ್ತದೆ.

ಇನ್ನೊಂದು ದಾರಿ ನಿಮ್ಮ ಟೌನ್‌ಶಿಪ್‌ನಲ್ಲೇ ಯಾರದೋ ಅಟ್ಟದ ಮೇಲೆ ಮಲಗಿದ್ದೀತು. ಕಂಪ್ಯೂಟರ್ ಬರುವ ಮೊದಲು ಡ್ರಾಯಿಂಗ್ ಆಫೀಸುಗಳಲ್ಲಿ ನಕ್ಷೆಗೆ ಹೆಸರು ಬರೆಯಲು ಲೆಟ್ರಾಸೆಟ್ ಹಾಳೆ ಬಳಸುತ್ತಿದ್ದರು. ಹಾಳೆಯನ್ನು ಮಗುಚಿಟ್ಟು ಮೇಲಿನಿಂದ ಉಜ್ಜಿದರೆ ಅಕ್ಷರ ಕೆಳಗೆ ಅಂಟಿಕೊಳ್ಳುತ್ತಿತ್ತು. ನಿಮ್ಮ ಹಾಗೆ ನಿವೃತ್ತರಾದ ಡ್ರಾಫ್ಟ್ಸ್‌ಮನ್ ಒಬ್ಬರನ್ನು ಕೇಳಿ. ‘ಇದ್ದರೂ ಕರಿ ಅಕ್ಷರ ಇರುತ್ತವಲ್ಲ’ ಅಂತೀರಿ. ಕರಿಯದೇ ಇರಲಿ. ಅಕ್ಷರ ಬರಬೇಕಾದ ಜಾಗಕ್ಕೆ ಮೊದಲು ಬಿಳಿ ಬಣ್ಣ ಹೊಡೆಯಿರಿ. ಅದು ಚೆನ್ನಾಗಿ ಒಣಗಿದ ಮೇಲೆ ಕರಿ ಅಕ್ಷರ ಉಜ್ಜಿ ಅಂಟಿಸಿ. ಅದರ ಮೇಲೆ ಕಂದು ಸ್ಪ್ರೇ ತೆಳುವಾಗಿ ಹಾರಿಸಿ. ಕಂದು ಮುಟ್ಟಿದರೆ ಕೈಗೆ ಅಂಟದಷ್ಟು ಒಣಗಿದಾಗ ಸೆಲ್ಲೋಟೇಪ್ ಒತ್ತಿ ಎತ್ತಿದರೆ ಕರಿ ಅಕ್ಷರ ಟೇಪಿಗೆ ಬರುತ್ತದೆ, ಅಡಿಯ ಬಿಳಿ ಕಣ್ಣು ಬಿಡುತ್ತದೆ. ಹಳೆಯ ಹಾಳೆಯಾದರೆ ಅಂಟು ಒಣಗಿ ಅಕ್ಷರ ಬಿರಿಯಬಹುದು. ಒಂದೆರಡು ನಿಮಿಷ ಬಿಸಿಲಿಗೆ ಹಿಡಿದು ಮೆದುಮಾಡಿ. ಬಳ್ಳಾರಿ ಜಿಲ್ಲೆಯಲ್ಲಿ ಬಿಸಿಲಿಗೆ ಬಿಲ್ ಇಲ್ಲ.

ಈ ವಿಧಾನದಲ್ಲಿ ಅಕ್ಷರದ ಅಂಚು ಚೂರು ಒರಟಾಗುತ್ತದೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಿಜವಾದ ಡಬ್ಬಿಯ ಮೇಲೆ ಬರೆಯುವುದೂ ಸ್ಟೆನ್ಸಿಲ್ ತಗಡು ಹಿಡಿದು ಬಿಳಿ ಬಣ್ಣ ಬಳಿದೇ ಅಲ್ಲವೇ? ಸೊನ್ನೆ, ಎಂಟು, ಬಿ ಅಕ್ಷರಗಳ ಹೊಟ್ಟೆ ಕಳಚಿ ಬೀಳದಿರಲೆಂದು ತಗಡಿನಲ್ಲಿ ಸಣ್ಣ ಸೇತುವೆ ಬಿಟ್ಟಿರುತ್ತಾರೆ. ಆ ಜಾಗದಲ್ಲಿ ಬಣ್ಣ ಕೂರುವುದಿಲ್ಲ. ನೀವು ಅಷ್ಟು ವರ್ಷ ಅದರ ಪಕ್ಕದಲ್ಲೇ ನಿಂತವರು, ನನಗಿಂತ ಚೆನ್ನಾಗಿ ಗೊತ್ತು. ಸ್ಕ್ರೀನಿಗೆ ಕೊಡುವ ಅಕ್ಷರಕ್ಕೂ ಇಂಥ ಸೀಳು ಇರುವ ಸ್ಟೆನ್ಸಿಲ್ ಫಾಂಟನ್ನೇ ಆರಿಸಿ. ವಿದೇಶಿ ಹಾಳೆಯ ನುಣುಪು ಅಕ್ಷರ ನಿಮ್ಮ ಡಬ್ಬಿಗೆ ಒಪ್ಪುವುದೂ ಇಲ್ಲ. ಅದರಲ್ಲಿ ನಮ್ಮ ಡಬ್ಬಿಗಳ ನಾಗರಿ ಅಕ್ಷರವೂ ಸಿಗದು.

ಏನು ಬರೆಯಬೇಕು ಅನ್ನುವುದಕ್ಕೆ ಬರೋಣ. ಅದಿರಿನ ರೇಕಿನಲ್ಲಿ ನೀವು ಕಂಡಿರುವ ಬಾಕ್ಸ್‌ಎನ್ ಡಬ್ಬಿ ಕಪ್ಲಿಂಗ್ ಸೇರಿ ಸುಮಾರು 10.7 ಮೀಟರ್ ಉದ್ದ. ನಿಮ್ಮ ಅಳತೆಯಲ್ಲಿ 123 ಮಿಲಿಮೀಟರ್. ಅಷ್ಟು ಜಾಗದಲ್ಲಿ ಡಬ್ಬಿಯ ಜಾತಿ, ಯಾವ ರೈಲ್ವೆಯದು, ಖಾಲಿ ತೂಕ, ಹೊರುವ ತೂಕ, ಪಿಒಎಚ್ (ವರ್ಕ್‌ಶಾಪಿನಲ್ಲಿ ನಿಯತಕಾಲಕ್ಕೆ ಮಾಡುವ ಪೂರ್ಣ ದುರಸ್ತಿ) ಆದ ತಾರೀಕು ಮತ್ತು ಹನ್ನೊಂದು ಅಂಕಿಯ ನಂಬರ್ ಇದ್ದರೆ ಸಾಕು. ಎಲ್ಲ ಡಬ್ಬಿಗೂ ನೈರುತ್ಯ ರೈಲ್ವೆಯ ಹೆಸರೇ ಹಾಕಬೇಡಿ. ಡಬ್ಬಿಗಳು ದೇಶವೆಲ್ಲ ಸುತ್ತುತ್ತವೆ, ಒಂದೇ ರೇಕಿನಲ್ಲಿ ನಾಲ್ಕಾರು ರೈಲ್ವೆಯವು ಕೂಡಿರುತ್ತವೆ. ನಿಮ್ಮ ಕಡೆಯ ಹುಬ್ಬಳ್ಳಿ ವಿಭಾಗವೇ 2003ರವರೆಗೆ ದಕ್ಷಿಣ ಮಧ್ಯ ರೈಲ್ವೆಯಲ್ಲಿತ್ತು.

ನಂಬರ್ ವಿಷಯದಲ್ಲಿ ಮಾತ್ರ ಮನಸ್ಸಿಗೆ ಬಂದದ್ದು ಬರೆಯಬೇಡಿ. ಮೊದಲ ಎರಡು ಅಂಕಿ ಡಬ್ಬಿಯ ಜಾತಿ, ಬಾಕ್ಸ್‌ಎನ್ ಆದರೆ 10. ಮುಂದಿನ ಎರಡು ಒಡೆತನದ ರೈಲ್ವೆ, ದಕ್ಷಿಣ ಮಧ್ಯಕ್ಕೆ 09. ಆಮೇಲಿನ ಎರಡು ತಯಾರಾದ ವರ್ಷ. ನಂತರದ ನಾಲ್ಕು ಆ ಡಬ್ಬಿಯದೇ ಅಂಕಿ. ಹನ್ನೊಂದನೆಯದು ಲೆಕ್ಕ ಸರಿಯಿದೆಯೇ ಎಂದು ನೋಡುವ ಅಂಕಿ. 1009951234 ಅಂತ ಇಟ್ಟುಕೊಳ್ಳಿ. ಎರಡು, ನಾಲ್ಕು, ಆರು, ಎಂಟು, ಹತ್ತನೆಯ ಸ್ಥಾನದ ಅಂಕಿಗಳನ್ನು ಕೂಡಿ: 0, 9, 5, 2, 4 ಸೇರಿ 20. ಅದರ ಮೂರುಪಟ್ಟು 60. ಉಳಿದವು 1, 0, 9, 1, 3 ಸೇರಿ 14. ಒಟ್ಟು 74. ಮುಂದಿನ ಪೂರ್ಣ ಹತ್ತು 80ಕ್ಕೆ ಬೇಕಾದದ್ದು 6. ಅದೇ ಕೊನೆಯ ಅಂಕಿ. ಮೊತ್ತ ತಾನೇ ಪೂರ್ಣ ಹತ್ತಾಗಿ ಬಂದರೆ ಸೊನ್ನೆ. ಈ ಲೆಕ್ಕ ನೀವು ಮಾಡಬೇಡಿ, ಮೊಮ್ಮಗನಿಗೆ ಬಿಡಿ. ಅವನು ಆರು ನಂಬರ್ ಹುಟ್ಟಿಸಿಕೊಡಲಿ. ಆಟಿಕೆ ಅವನದು ಎಂದು ಶುರುವಾದದ್ದಲ್ಲವೇ?

ಬರಹ ಎಲ್ಲೆಲ್ಲಿದೆ ಎಂದು ನೋಡಿಕೊಳ್ಳಲು ನಿಜದ ಡಬ್ಬಿಯ ಫೋಟೊ ಬೇಕಾದರೆ ಹೊಸಪೇಟೆ ಅಥವಾ ತೋರಣಗಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಒಂದು ತಾಸು ಕೂತಿರಿ, ಗೂಡ್ಸ್ ತಾನಾಗಿ ಬರುತ್ತದೆ. ಹಳೇ ಪರಿಚಯ ಹಿಡಿದು ಲೋಡಿಂಗ್ ಸೈಡಿಂಗ್ ಒಳಗೆ ನುಗ್ಗಬೇಡಿ. ಈಗ ನಿಮ್ಮ ಹತ್ತಿರ ಗೇಟ್‌ಪಾಸ್ ಇಲ್ಲ.

ಡೆಕಾಲ್ ಅಂಟಿಸುವ ಕೆಲಸಕ್ಕೆ ನಿಧಾನ ಬೇಕು. ಅಕ್ಷರ ಕೂರುವ ಜಾಗಕ್ಕೆ ಮೊದಲು ಹೊಳಪಿನ ಕ್ಲಿಯರ್ ವಾರ್ನಿಶ್ ಕೊಡಿ. ಒರಟು ಬಣ್ಣದ ಮೇಲೆ ಡೆಕಾಲ್ ಇಟ್ಟರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಅಕ್ಷರದ ಅಂಚಿಗೆ ಒತ್ತಿ ಕತ್ತರಿಸಿ, ಅರ್ಧ ನಿಮಿಷ ನೀರಿನಲ್ಲಿಟ್ಟು, ಒದ್ದೆ ಬ್ರಷ್‌ನಿಂದ ಜಾರಿಸಿ ಕೂರಿಸಿ. ಡಬ್ಬಿಯ ಪಕ್ಕೆಗಂಬಗಳ ಮೇಲೆ ಏರಿಳಿಯುವ ಕಡೆ ನೀರು ಬೆರೆಸಿದ ವಿನೆಗರ್ ಒಂದು ಹನಿ ಮುಟ್ಟಿಸಿದರೆ ಡೆಕಾಲ್ ಮೆತ್ತಗಾಗಿ ಮೈಗೆ ಹತ್ತುತ್ತದೆ. ಆಮೇಲೆ ಹತ್ತಿಯಿಂದ ಒತ್ತಿ ನೀರು ತೆಗೆಯಿರಿ. ಎಳ್ಳಿನಷ್ಟು ಅಕ್ಷರವನ್ನು ನೇರ ಸಾಲಿಗೆ ತರಲು ನಿಮ್ಮ ಕೈ ನಡುಗಿದರೆ, ದಿನಾ ಬೆಳಿಗ್ಗೆ ಬಾಗಿಲಲ್ಲಿ ಚುಕ್ಕಿ ತಪ್ಪದೆ ರಂಗೋಲಿ ಇಡುವವರನ್ನು ಕರೆಯಿರಿ. ಪೆನ್ಷನ್ ಜಗಳಕ್ಕೆ ನನ್ನ ಹತ್ತಿರ ಇರುವ ಮದ್ದು ಇದೊಂದೇ. ಜೊತೆಗೆ ಖರ್ಚಿನ ಚೀಟಿಯನ್ನೂ ತೋರಿಸಿ. ಒಂದು ಸ್ಕ್ರೀನು, ಎರಡು ಡೆಕಾಲ್ ಹಾಳೆ, ಎರಡು ಬಗೆಯ ವಾರ್ನಿಶ್ ಅಂತಷ್ಟೇ ಇರುವ ಚೀಟಿ ಕಂಡರೆ ಅವರ ದನಿ ತಗ್ಗೀತು.

ಆರೂ ಡಬ್ಬಿಯ ಅಕ್ಷರ ಸ್ಪಷ್ಟವಾಗಿರಲೇಬೇಕು ಎಂದು ಹಟ ಹಿಡಿಯಬೇಡಿ. ಎರಡು ಡಬ್ಬಿ ಈಗಷ್ಟೇ ವರ್ಕ್‌ಶಾಪಿನಿಂದ ಬಂದಂತಿರಲಿ. ಉಳಿದ ನಾಲ್ಕರ ಮೇಲೆ ಧೂಳು ಕೂರಲಿ. ಅದಿರನ್ನು ಕಲ್ಲಿದ್ದಲಿನ ಹಾಗೆ ಅಂಚಿನವರೆಗೆ ತುಂಬಲೂ ಬೇಡಿ. ತೂಕಕ್ಕೆ ಡಬ್ಬಿ ಅರ್ಧಕ್ಕೇ ನಿಲ್ಲುತ್ತದೆ ಎಂದು ನಿಮಗೆ ಹೇಳಿಕೊಡಬೇಕೇ?

ಧೂಳಿಗೆ ಮಾತ್ರ ದುಡ್ಡು ಕೊಡಬೇಡಿ. ಹೊರದೇಶದ ಮಾದರಿಗಾರರು ತುಕ್ಕಿನ ಬಣ್ಣದ ಪುಡಿಯನ್ನು ಪುಟ್ಟ ಡಬ್ಬಿಗಳಲ್ಲಿ ಕೊಳ್ಳುತ್ತಾರೆ. ನಿಮ್ಮದು ಕಿಟಕಿಯ ಚೌಕಟ್ಟಿನ ಮೇಲೆ ಕೂತಿದೆ. ಅದನ್ನು ಬ್ರಷ್‌ನಲ್ಲಿ ಗುಡಿಸಿಕೊಂಡು, ತೆಳು ಮಲ್ ಬಟ್ಟೆಯಲ್ಲಿ ಸೋಸಿ, ಡೆಕಾಲ್ ಮೇಲೆ ಮಂಕು ವಾರ್ನಿಶ್ ಹೊಡೆದು ಒಣಗಿದ ನಂತರ ಒಣ ಬ್ರಷ್‌ನಿಂದ ತಿಕ್ಕಿ, ಮೇಲೆ ಇನ್ನೊಂದು ತೆಳು ವಾರ್ನಿಶ್ ಕೊಡಿ. ಕೆಲಸ ಮಾಡುವಾಗ ಇಂಜಿನ್ನನ್ನು ಮಾತ್ರ ಬೇರೆ ಕೋಣೆಯಲ್ಲಿಡಿ. ಅದರ ಮೋಟಾರಿನಲ್ಲಿ ಅಯಸ್ಕಾಂತ ಇದೆ, ಅದಿರಿನ ಧೂಳು ಒಳಗೆ ಹೋದರೆ ತೆಗೆಯಲು ಬಾರದು.