ಎಚ್‌ಐವಿ: ವೈರಾಣು ಒಂದು, ತಳಿ ಹಲವು

ಎಚ್‌ಐವಿ ಏಕರೂಪದ ವೈರಾಣುವಲ್ಲ. ದೇಹದಲ್ಲಿ ತನ್ನ ಪ್ರತಿಗಳನ್ನು ರಚಿಸಿಕೊಳ್ಳುವಾಗ ಅದು ಪದೇ ಪದೇ ತಪ್ಪುತ್ತದೆ. ಆ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಕಾಲಕ್ರಮದಲ್ಲಿ ಹೀಗೆ ಹಲವು ಉಪಪ್ರಭೇದಗಳು ಹುಟ್ಟಿವೆ. ಭಾರತದಲ್ಲಿ 1986ರಲ್ಲಿ ಮದರಾಸಿನಲ್ಲಿ ಮೊದಲಿಗೆ ಪತ್ತೆಯಾದ ಈ ಸೋಂಕು ಇಂದು ಬಹುಪಾಲು ‘ಸಿ’ ಉಪಪ್ರಭೇದದ್ದು. ಮಣಿಪುರದಲ್ಲಿ ‘ಬಿ’ ಹಾಗೂ ‘ಬಿ-ಸಿ’ ಮಿಶ್ರತಳಿಗಳೂ ಕಂಡುಬಂದಿವೆ. ವಿರಳವಾಗಿ ಎಚ್‌ಐವಿ-2 ಸಹ ಉಂಟು. ನೆವಿರಪಿನ್‌ನಂತಹ ಔಷಧಿಗಳಿಗೆ ಅದು ಮಣಿಯದು. ಆದುದರಿಂದ ವಿಧವನ್ನರಿತೇ ಚಿಕಿತ್ಸೆ ಆರಂಭಿಸಬೇಕು.

ಉಪಪ್ರಭೇದ ಯಾವುದೇ ಇರಲಿ, ಹರಡುವ ಮಾರ್ಗಗಳು ಒಂದೇ. ಮಾತ್ರೆ ತಪ್ಪಿಸುತ್ತ ಬಂದರೆ ಔಷಧಿಗೆ ಬಗ್ಗದ ತಳಿ ರೋಗಿಯ ದೇಹದಲ್ಲಿಯೇ ಬೆಳೆಯಬಹುದು. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಕಷಾಯ, ಲೇಹ್ಯಗಳನ್ನು ನಂಬಿ ಎ.ಆರ್.ಟಿ. ಮಾತ್ರೆಗಳನ್ನು ಎಂದಿಗೂ ನಿಲ್ಲಿಸಬಾರದು. ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಅವು ಉಚಿತವಾಗಿ ದೊರೆಯುತ್ತವೆ.