ಸಿಡ್ನಿಯ ಬಂದರಿನಲ್ಲಿ ಒಂದು ದಿನ

ಬೆನ್ನಿಗೆ ಚೀಲವೇರಿಸಿ ಒಬ್ಬಂಟಿಯಾಗಿ ದೇಶ ನೋಡಹೊರಟ ತರುಣನೊಬ್ಬನು ಬೆಳಗಿನ ಹೊತ್ತಿಗೆ ಸಿಡ್ನಿಯ ಬಂದರನ್ನು ಸೇರಿದನು. 1932ರಲ್ಲಿ ಸಂಚಾರಕ್ಕೆ ತೆರೆದ, 503 ಮೀಟರು ಹರವಿನ ಉಕ್ಕಿನ ಕಮಾನು ಎರಡು ದಡಗಳನ್ನು ಬೆಸೆದಿತ್ತು. ಆ ಸೇತುವೆಯನ್ನು ನಡೆದೇ ದಾಟಿದನು. ಮಧ್ಯಾಹ್ನ ಹಡಗಿನಲ್ಲಿ ಮ್ಯಾನ್ಲಿಯ ಕಡಲತೀರಕ್ಕೆ ಹೋಗಿಬಂದನು.

ಸಂಜೆ, ಹಾಯಿ ಬಿಚ್ಚಿದ ನೌಕೆಯಂತೆ ತೋರುವ ಒಪೆರಾ ಹೌಸಿನ ಮೆಟ್ಟಿಲ ಮೇಲೆ ಕುಳಿತನು. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ ಅದರ ರೂಪವನ್ನು ಕಲ್ಪಿಸಿದವನು. ಸರಕಾರದೊಡನೆ ವಿರಸ ಬೆಳೆದು, 1966ರಲ್ಲಿ ಅವನು ಕೆಲಸವನ್ನು ತೊರೆದು ಆಸ್ಟ್ರೇಲಿಯವನ್ನೇ ಬಿಟ್ಟುಹೋದನು. 1973ರಲ್ಲಿ ಕಟ್ಟಡ ಪೂರ್ಣಗೊಂಡಿತು. 2008ರಲ್ಲಿ ತೀರಿಕೊಳ್ಳುವವರೆಗೂ ಅವನು ಅದನ್ನು ಕಣ್ಣಾರೆ ಕಾಣಲಿಲ್ಲ.

ಎಲ್ಲಿಂದಲೋ ಬಂದ ದಾರಿಹೋಕನಿಗೆ ದಕ್ಕಿದ ನೋಟವು ಅದನ್ನು ಕನಸಿದವನಿಗೇ ದಕ್ಕಲಿಲ್ಲ! ತರುಣನು ಆ ಶಿಲ್ಪಿಗೆ ಮನದಲ್ಲೇ ವಂದಿಸಿ, ಚೀಲವನ್ನು ಮತ್ತೆ ಬೆನ್ನಿಗೇರಿಸಿದನು.